ಅರ್ಧ ಉಳಿದ ಜೋಳದ ಚೀಲ

ಮಹಾಂತಯ್ಯನ ಮನೆಯಲ್ಲಿ ತೂಕದ ಕಾಟಾ ಇರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ತೂಗುತ್ತಿದ್ದ ಮನುಷ್ಯನಿಗೆ ಮನೆಯಲ್ಲೂ ಒಂದು ಕಾಟಾ ಬೇಕು ಅನ್ನಿಸಿರಲಿಲ್ಲ. ತನ್ನ ತೂಕವನ್ನು ಸೋಮವಾರ ಬೆಳಿಗ್ಗೆ, ಮೊದಲ ಚೀಲ ಏರುವ ಮುಂಚೆ, ದಲಾಲಿ ಅಂಗಡಿಯ ಕಾಟಾದ ಮೇಲೆ ಚಪ್ಪಲಿ ಬಿಟ್ಟು ನಿಂತು ನೋಡಿಕೊಳ್ಳುತ್ತಿದ್ದ.

ಮೇ ತಿಂಗಳ ಎರಡನೆಯ ಸೋಮವಾರವೂ ಹಾಗೇ ನಿಂತಿದ್ದ. ಹಮಾಲ ಹಫೀಜ ಬಗ್ಗಿ ಕೆಂಪು ಅಂಕಿ ಓದಿದ.

"ಎಪ್ಪತ್ತೈದ. ಮ್ಯಾಲೆ ಒಂದ ಗ್ರಾಮೂ ಇಲ್ಲ ನೋಡ್ರಿ ಅಯ್ಯಾರ."

"ಖರೇ ಹೇಳೋ."

"ಕಾಟಾ ಸುಳ್ಳ ಹೇಳತೈತೇನ್ರಿ? ದೀಪಾವಳಿಗೆ ಎಂಬತ್ತಾರ ಇದ್ರಿ. ಹಿಂಗ ಹೋದ್ರ ಬರೂ ದೀಪಾವಳಿಗೆ ನಿಮ್ಮನ್ನ ಮೆಣಸಿನಕಾಯಿ ಚೀಲದಾಗ ತುಂಬಿ ಬಾಯಿ ಹೊಲದ ಬಿಡಬಹುದು."

ಚಹಾ ಕುಡಿಯುತ್ತ ಕೂತಿದ್ದ ಹಮಾಲರು ನಕ್ಕರು. ಮಹಾಂತಯ್ಯನೂ ನಕ್ಕ. ಕಾಟಾದಿಂದ ಇಳಿಯಲು ಅವನಿಗೆ ಮನಸ್ಸಿರಲಿಲ್ಲ.

"ಹನ್ನೊಂದ ಕಿಲೋ ಅಂದ್ರ ಎಷ್ಟ ಗೊತ್ತೈತೇನ? ಎರಡ ವರ್ಷದ ಕೂಸು. ಇಷ್ಟ ದಿನ ಆ ಕೂಸನ್ನ ಹೊಟ್ಟಿಗೆ ಕಟ್ಕೊಂಡ ತಿರಗ್ಯಾಡೇನಿ ನೋಡು."

"ಯಾವಾಗ ಹಡದ್ರಿ, ನಮಗ ಪೇಢಾನೂ ಕೊಡಲಿಲ್ಲ?"

"ಪೇಢಾ ನನಗ ಬಂದ್ ಐತಲೇ. ಜ್ವಾಳನೂ ಬಂದ್ ಇದ್ದಂಗನ. ಶಿವರಾತ್ರಿಗೆ ತಂದ ಚೀಲ ಇನ್ನೂ ಅರ್ಧ ಉಳದೈತಿ ನಮ್ಮ ಮನ್ಯಾಗ, ನಂಬತಿ?"

"ನಮ್ಮ ಮನ್ಯಾಗ ಹದಿನೈದ ದಿನಕ್ಕ ಚೀಲ ಝಾಡಸ್ತೀವ್ರಿ. ಆರ ಬಾಯಿ."

ಮಹಾಂತಯ್ಯನ ಕೈ ಅಂದಾಜು ಮಾರುಕಟ್ಟೆಯಲ್ಲಿ ಹೆಸರಾಗಿತ್ತು. ರೈತರು ಟ್ರಾಲಿಯಿಂದ ಚೀಲ ಇಳಿಸಿದ ಕೂಡಲೆ ಅವನು ಒಂದು ಮೂಲೆ ಹಿಡಿದು ಎತ್ತಿ ನೋಡಿ ನಲವತ್ತೆರಡೂವರೆ ಅನ್ನುತ್ತಿದ್ದ. ಕಾಟಾ ನಲವತ್ತೆರಡು ಆರುನೂರು ತೋರಿಸುತ್ತಿತ್ತು. ಅದಕ್ಕಿಂತ ಹೆಚ್ಚು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಕರೆಂಟು ಹೋದಾಗ ಹಮಾಲರು ಅವನ ಕೈಯಿಂದಲೇ ಹಗುರ ಚೀಲ, ಭಾರದ ಚೀಲ ಬೇರೆ ಮಾಡಿಸುತ್ತಿದ್ದರು. ತೇವ ಹೊಡೆದ ಮೆಣಸಿನಕಾಯಿ, ಮಣ್ಣು ಬೆರೆಸಿದ ಶೇಂಗಾ, ಚೀಲ ಬಿಚ್ಚುವ ಮುಂಚೆಯೇ ಅವನಿಗೆ ತಿಳಿಯುತ್ತಿತ್ತು.

ಈ ಪಥ್ಯ ಶುರುವಾದದ್ದು ಕಾಲಿನ ಗಾಯದಿಂದ. ದೀಪಾವಳಿಯ ಹೊತ್ತಿಗೆ ಅಂಗಡಿಯ ಹಲಗೆಯ ಮೊಳೆ ಅಂಗಾಲಿಗೆ ಚುಚ್ಚಿತು. ಮೂರು ವಾರವಾದರೂ ಮಾಯಲಿಲ್ಲ. ದೇಶಪಾಂಡೆ ನಗರದ ಡಾಕ್ಟರು ರಕ್ತದ ಚೀಟಿ ನೋಡಿ, "ಸಕ್ಕರಿ ಬಂದೈತ್ರಿ. ಬಂದು ಭಾಳ ದಿನ ಆಗೈತಿ" ಎಂದರು. ಏನೇನು ತಿನ್ನುತ್ತೀರಿ ಎಂದು ಕೇಳಿದರು. ಡಬ್ಬಿಗೆ ಮೂರು ರೊಟ್ಟಿ, ರಾತ್ರಿ ಮೂರು ರೊಟ್ಟಿ, ಎರಡೂ ಹೊತ್ತು ಮೇಲೆ ಅನ್ನ, ದಿನಕ್ಕೆ ಎಂಟು ಚಹಾ ಎಂದು ಮಹಾಂತಯ್ಯ ಹೇಳಿದ. ಅವರು ಬರೆದುಕೊಂಡರು.

"ಒಮ್ಮಿಗಲೆ ಬಿಡಬ್ಯಾಡ್ರಿ, ತಡಕೊಳ್ಳಾಕ ಆಗೂದಿಲ್ಲ. ಒಂದೊಂದ ಇಳಿಸ್ಕೋತ ಬರ್ರಿ. ಇಳಿಸಿದ ಜಾಗಾಕ್ಕ ಬ್ಯಾರೆ ತಿನ್ರಿ. ಕಾಳು, ಕಾಯಿಪಲ್ಯಾ, ಮೊಸರು, ಪನೀರು. ಹಸಕೊಂಡ ಇರಬ್ಯಾಡ್ರಿ, ಹಸಕೊಂಡ್ರ ಮತ್ತ ರೊಟ್ಟಿಗೇ ಬರ್ತೀರಿ."

ಮಗಳು ಸೌಮ್ಯಾ ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಸರಕಾರಿ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಳ್ಳುತ್ತಿದ್ದಳು. ಮುಂದಿನ ರವಿವಾರ ಚಿಗರಿ ಬಸ್ಸಿನಲ್ಲಿ ಬಂದವಳು ಒಂದು ಡ್ರಾಯಿಂಗ್ ಹಾಳೆ ಹಾಸಿಕೊಂಡು ಸ್ಕೇಲಿನಿಂದ ಗೆರೆ ಎಳೆದಳು.

"ಇದಕ್ಕ ಲೋ ಕಾರ್ಬ್ ಅಂತಾರಪ್ಪಾ. ಹದಿನೈದ ದಿನಕ್ಕ ಒಂದ ರೊಟ್ಟಿ ಕಮ್ಮಿ. ಆರಿದ್ದದ್ದು ಐದು, ಐದಿದ್ದದ್ದು ನಾಕು. ಸಂಕ್ರಾಂತಿ ಆದಮ್ಯಾಗ ದಿನಕ್ಕ ಒಂದಕ್ಕ ಬಂದ ನಿಲ್ಲಬೇಕು."

"ಒಂದ ರೊಟ್ಟಿ ತಿನ್ನಾಕ ನಾ ಏನ ಕೂಸ?"

"ಅನ್ನ ಇವತ್ತಿಂದನ ಬಂದ್. ಚಹಾಕ್ಕ ಸಕ್ರಿ ಬಂದ್."

"ಉಸರಾಡೂದರ ಇಟ್ಟೀಯೋ ಇಲ್ಲೋ?"

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸಂಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಹಾಳೆಯ ಎಡಕ್ಕೆ ತಾರೀಖು, ನಡುವೆ ರೊಟ್ಟಿ, ಬಲಕ್ಕೆ ತೂಕ. ಮೇಲೆ ದಪ್ಪ ಅಕ್ಷರದಲ್ಲಿ 'ಅಪ್ಪ' ಎಂದು ಬರೆದು ಸೌಮ್ಯಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಮೊದಲ ಎರಡು ತಿಂಗಳು ಮಹಾಂತಯ್ಯ ಬಹಳ ಒದ್ದಾಡಿದ. ಮಧ್ಯಾಹ್ನ ತಲೆ ಸಿಡಿಯುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುವ ವಾಸನೆಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಆಮೇಲೆ ಹೊಟ್ಟೆ ಒಗ್ಗಿತು. ಮೊಳಕೆ ಹೆಸರುಕಾಳಿನ ಉಸಳಿ, ಮೆಂತ್ಯದ ಪಚಡಿ, ಪುಂಡಿಪಲ್ಯ, ಗಟ್ಟಿ ಮೊಸರು. ವಾರಕ್ಕೆರಡು ಸಲ ಪನೀರು ತರುತ್ತಿದ್ದ. ರಾತ್ರಿ ನೆನೆಹಾಕಿ ಬೆಳಿಗ್ಗೆ ತಿನ್ನಲು ಬದಾಮಿ. ಸಂಗವ್ವ ದಿನಾ ಎಂಟು ಬದಾಮಿ ಎಣಿಸಿ ಬಟ್ಟಲಿಗೆ ಹಾಕುತ್ತಿದ್ದಳು. ಒಂಬತ್ತನೆಯದನ್ನು ಎಂದೂ ಹಾಕಲಿಲ್ಲ. ಪನೀರು, ಬದಾಮಿ, ಪಥ್ಯದ ಕಾಳು, ಮೊಸರು ಎಲ್ಲ ಅವಳ ಲೆಕ್ಕದಲ್ಲಿ ಔಷಧ. ಒಬ್ಬರ ಔಷಧ ಇನ್ನೊಬ್ಬರು ತಿನ್ನುವುದಿಲ್ಲ.

ಸಂಗವ್ವ ಗಂಡ ಉಂಡೆದ್ದ ಮೇಲೆ ಅವನ ತಾಟಿನಲ್ಲೇ ಉಣ್ಣುತ್ತಿದ್ದಳು. ಮದುವೆಯಾಗಿ ಬಂದ ವಾರದಲ್ಲಿ ಅತ್ತೆ ಕೂರಿಸಿಕೊಂಡು ಹೇಳಿದ್ದರು: "ಅಯ್ಯನ ತಾಟ ಅದು. ಎಂಜಲಲ್ಲವ್ವಾ, ಪ್ರಸಾದ. ಅಂವ ಎಷ್ಟ ಉಂಡಾನ ಅಷ್ಟ ಉಣ್ಣು. ಹೆಣ್ಣಮಗಳು ಗಂಡಗಿಂತ ಒಂದ ತುತ್ತ ಹೆಚ್ಚಿಗಿ ಉಂಡ್ರ ಆ ಮನಿ ಉಳಿಯೂದಿಲ್ಲ." ಅತ್ತೆ ಸತ್ತು ಹದಿನಾಲ್ಕು ವರ್ಷವಾಗಿತ್ತು. ಸಂಗವ್ವನ ಲೆಕ್ಕ ನಡೆದೇ ಇತ್ತು. ಗಂಡನ ಡಬ್ಬಿಗೆ ಮೂರು ಹಾಕಿದ ದಿನ ಮಧ್ಯಾಹ್ನ ತನಗೆ ಮೂರು; ರಾತ್ರಿ ಅವನಿಗೆ ಮೂರು, ತನಗೆ ಮೂರು. ದಿನಕ್ಕೆ ಹನ್ನೆರಡು ರೊಟ್ಟಿ ಬಡಿಯುತ್ತಿದ್ದಳು. ಮಹಾಂತಯ್ಯ ಕೂಡ ಹಳೆಯ ರೂಢಿಯಂತೆ ತಾಟಿನಲ್ಲಿ ಅವಳಿಗೆಂದು ಒಂದು ತುಂಡು ರೊಟ್ಟಿ, ಒಂದಿಷ್ಟು ಪಲ್ಯ ಬಿಟ್ಟು ಏಳುತ್ತಿದ್ದ. ಪಥ್ಯ ಶುರುವಾದ ಮೇಲೆ ಅದನ್ನು ಬಿಡುವುದು ನಿಂತಿತು. ಹಸಿದವನು ತಾಟು ಬಳಿದು ಏಳುತ್ತಿದ್ದ.

ಇದೆಲ್ಲ ಅವನಿಗೆ ಗೊತ್ತಿಲ್ಲದ್ದಲ್ಲ. ಅದರ ಬಗ್ಗೆ ಯೋಚಿಸುವ ಪ್ರಸಂಗ ಇಪ್ಪತ್ತಾರು ವರ್ಷದಲ್ಲಿ ಬಂದಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಪೂಜೆಗೆ ಕೂತಾಗ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮೊದಲು ಪೂಜೆ ಮುಗಿದರೂ ಮುಗಿಯದಿದ್ದ ಆ ಸದ್ದು ಈಗ ಅವನು ವಿಭೂತಿ ಹಚ್ಚಿಕೊಳ್ಳುವಷ್ಟರಲ್ಲಿ ನಿಲ್ಲುತ್ತಿತ್ತು. ಬಳೆಯ ಸದ್ದೂ ಬದಲಾಗಿತ್ತು. ಮೊದಲು ಮಣಿಕಟ್ಟಿನಲ್ಲೇ ಕೂತು ಚಿಕ್ ಚಿಕ್ ಅನ್ನುತ್ತಿದ್ದ ಬಳೆಗಳು ಈಗ ಮೊಳಕೈ ತನಕ ಹೋಗಿ ಮರಳಿ ಬರುತ್ತಿದ್ದವು. ಒಂದು ದಿನ ಆ ಸದ್ದಿಗೆ ಅವನು ಕಣ್ಣು ತೆರೆದ. ಏನೋ ಸರಿಯಿಲ್ಲ ಅನ್ನಿಸಿತು. ಮತ್ತೆ ಕಣ್ಣು ಮುಚ್ಚಿ ಪೂಜೆ ಮುಂದುವರಿಸಿದ.

ಯುಗಾದಿಯ ರವಿವಾರ ಪಕ್ಕದ ಮನೆಯ ಕರೀಮಾಬಿ ಹೊಲಿದ ಬಟ್ಟೆ ಕೊಡಲು ಬಂದಿದ್ದಳು. ಓಣಿಯ ಹೆಂಗಸರ ಜಂಪರುಗಳೆಲ್ಲ ಅವಳ ಮಶೀನಿನ ಮೇಲೇ ಆಗುತ್ತಿದ್ದವು. ಸೌಮ್ಯಾ ಊರಿನಲ್ಲಿದ್ದಳು. ಅಪ್ಪನ ಹಾಳೆ ನೋಡಿ, "ಎಪ್ಪತ್ತೇಳಾ! ಅಪ್ಪಾ, ನೀ ನಮ್ಮ ಕ್ಲಾಸಿನ ಹುಡುಗೂರಕಿಂತ ಛಲೋ ಕಾಣ್ತಿ" ಎಂದು ಕುಣಿದಳು. ತಾಯಿಯ ಕಡೆ ತಿರುಗಿ, "ಅವ್ವಾನೂ ಸ್ಲಿಮ್ ಆಗ್ಯಾಳ ನೋಡು, ಹೀರೋಯಿನ್!" ಎಂದಳು. ಸಂಗವ್ವ, "ಸುಮ್ನ ಕುಂದ್ರು" ಎಂದು ಒಳಗೆ ಹೋದಳು.

ಕರೀಮಾಬಿ ನಗಲಿಲ್ಲ. "ಅಯ್ಯಾರ, ಸಕ್ಕರಿ ಬಂದದ್ದ ನಿಮಗೋ, ಸಂಗಕ್ಕಗೋ?"

"ನನಗವ್ವಾ. ಯಾಕ?"

"ಪಥ್ಯಾ ನೀವ ಮಾಡಾಕತ್ತೀರಿ. ಒಣಗಾಕತ್ತಾಳ ಅಕಿ."

"ಗಂಡಾ ಹೆಂಡ್ತಿ ಜೋಡೆತ್ತ ಇದ್ದಂಗ ಕರೀಮಾಬಿ. ಒಂದ ಇಳಕಲ ಇಳದ್ರ ಇನ್ನೊಂದೂ ಇಳೀತೈತಿ" ಎಂದು ಮಹಾಂತಯ್ಯ ನಕ್ಕ. ತನ್ನ ಮಾತು ಚೆನ್ನಾಗಿ ಬಂತು ಅನ್ನಿಸಿ ಮರುದಿನ ಹಫೀಜನಿಗೂ ಅದನ್ನು ಹೇಳಿದ್ದ.

ಎಪ್ಪತ್ತೈದು ಆದ ಸೋಮವಾರ ಅವನು ಬೇಗ ಅಂಗಡಿ ಬಿಟ್ಟ. ದಾರಿಯಲ್ಲಿ ಪಾವು ಕಿಲೋ ಪನೀರು ಕಟ್ಟಿಸಿಕೊಂಡು ನಾಲ್ಕೂವರೆಗೆ ಭೈರಿದೇವರಕೊಪ್ಪದ ತನ್ನ ಓಣಿಗೆ ಬಂದಾಗ ನಲ್ಲಿಗೆ ನೀರು ಬಂದಿತ್ತು. ಒಂಬತ್ತು ದಿನದ ಮೇಲೆ ಬಂದ ನೀರು. ಓಣಿಯ ಹೆಂಗಸರೆಲ್ಲ ಕೊಡ, ಬಕೆಟ್ಟು, ಪಾತೇಲಿ ಹಿಡಿದು ಓಡಾಡುತ್ತಿದ್ದರು. ಸಂಗವ್ವ ಮನೆಯ ಮುಂದಿನ ನಲ್ಲಿಯಿಂದ ಹಿತ್ತಲಿನ ಡ್ರಮ್ಮಿಗೆ ನೀರು ಹೊರುತ್ತಿದ್ದಳು.

"ಕೇಳಿದೇನ? ಎಪ್ಪತ್ತೈದ! ಬರೋಬ್ಬರಿ ಹನ್ನೊಂದ ಕಿಲೋ!"

"ಛಲೋ ಆತ ಬಿಡ್ರಿ" ಎಂದಳು. ನಿಂತು ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು, "ದೇವರ ಕಣ್ಣ ತಗದಾ. ಕುಂದರ್ರಿ, ನೀರ ಹೋಗೂದರೊಳಗ ಇನ್ನೆರಡ ಕೊಡಾ ತಂದೆ."

"ನಿನಗೂ ಗೊತ್ತಾಗತೈತಿ, ಮೈ ಹಗರಾದ್ರ ಹೆಂಗ ಅನಸತೈತಿ ಅಂತ."

ಅವಳು ಕೊಡ ಸೊಂಟಕ್ಕೇರಿಸಿದಳು. ಎರಡು ಮೆಟ್ಟಿಲು ಹತ್ತಿದಳು. ಕೊಡ ಮೊದಲು ಬಿತ್ತು. ಆ ಸದ್ದಿಗೆ ಅವನು ತಿರುಗುವಷ್ಟರಲ್ಲಿ ಅವಳು ಬಲಗೈ ಊರಿಕೊಂಡು ಮೆಟ್ಟಿಲ ಕೆಳಗೆ ಬಿದ್ದಿದ್ದಳು. ನೀರು ಅವಳ ಸುತ್ತ ಹರಿಯುತ್ತಿತ್ತು.

ಮಹಾಂತಯ್ಯ ಪನೀರಿನ ಚೀಲ ಬಿಸಾಕಿ ಓಡಿದ. ಒಂದು ಕೈ ಹೆಗಲ ಕೆಳಗೆ, ಒಂದು ಕೈ ಮೊಣಕಾಲ ಕೆಳಗೆ ಹಾಕಿ, ಎತ್ತುವ ರೂಢಿಯಿದ್ದವನು ಉಸಿರು ಹಿಡಿದು ಎತ್ತಿದ. ಬೇಕಾದದ್ದಕ್ಕಿಂತ ಬಲ ಹೆಚ್ಚಾಯಿತು. ಅವಳ ಮೈ ಅವನ ಎದೆಯ ಎತ್ತರಕ್ಕೆ ನಿಲ್ಲದೆ ಗದ್ದದ ತನಕ ಬಂದುಬಿಟ್ಟಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಸಾವರಿಸಿಕೊಳ್ಳಬೇಕಾಯಿತು.

ಕೇಳದಿದ್ದರೂ ಕೈ ತನ್ನ ಅಂದಾಜು ಹೇಳಿತು. ಮೂವತ್ತೊಂಬತ್ತು.

"ಆಟೋ ತರಸ್ರಿ ಯಾರರ!" ಎಂದು ಕರೀಮಾಬಿ ಓಣಿಯಲ್ಲಿ ಕೂಗುತ್ತಿದ್ದಳು.

ಆಸ್ಪತ್ರೆಯಲ್ಲಿ ಸಂಗವ್ವನಿಗೆ ಎಚ್ಚರವಾಯಿತು. ನರ್ಸು ತೋಳು ಹಿಡಿದು ಅವಳನ್ನು ಮೂಲೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಅವಳು ಅದರ ಮೇಲೆ ಕಾಲಿಡುವ ಮುಂಚೆ ಬಗ್ಗಿ ಹಣೆಗೆ ಕೈ ಮುಟ್ಟಿಸಿಕೊಳ್ಳಲು ಹೋಗಿ, ಕೈ ನೋಯಿಸಿಕೊಂಡು ಹಲ್ಲು ಕಚ್ಚಿದಳು. ಮೂವತ್ತೊಂಬತ್ತು ಎರಡುನೂರು. ಒದ್ದೆ ಸೀರೆ ಸೇರಿ.

ಡ್ಯೂಟಿಯಲ್ಲಿದ್ದ ಹೆಣ್ಣುಮಗಳು ಚಿಕ್ಕ ವಯಸ್ಸಿನ ಡಾಕ್ಟರು, ಬೆಂಗಳೂರ ಕಡೆಯ ಮಾತು. ಮಣಿಕಟ್ಟು ಮುರಿದಿದೆ ಎಂದರು. ರಕ್ತ ಬಹಳ ಕಡಿಮೆ ಇದೆ, ಆರೂವರೆ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಮಹಾಂತಯ್ಯನನ್ನು ನೋಡಿದರು.

"ಊಟ ಏನ್ ಮಾಡ್ತಾರೆ ಇವರು?"

"ಮನ್ಯಾಗ ಎಲ್ಲಾ ಐತ್ರಿ ಮೇಡಂ. ಪನೀರ ಐತಿ, ಬದಾಮಿ ಐತಿ, ದಿನಾ ಕಾಳ ಇರತಾವು, ಮೊಸರ..."

"ಮನೆಯಲ್ಲಿ ಏನಿದೆ ಅಂತ ಕೇಳಲಿಲ್ಲ. ಇವರು ಏನು ತಿಂತಾರೆ?"

ಮಹಾಂತಯ್ಯ ಹೆಂಡತಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಅವಳು ಉಣ್ಣುವುದನ್ನು ಕೊನೆಯ ಸಲ ಯಾವಾಗ ನೋಡಿದ್ದೆ ಎಂದು ಅವನು ನೆನೆಸಿಕೊಳ್ಳಲು ಪ್ರಯತ್ನಿಸಿದ. ಮದುವೆ, ಮುಂಜಿ, ಮಠದ ಪಂಕ್ತಿ. ಅವೂ ಹೆಂಗಸರ ಸಾಲು ಬೇರೆ. ಅವನು ಉಂಡು ಕೈ ತೊಳೆದು ಹೊರಗೆ ಕಟ್ಟೆಗೆ ಹೋಗಿ ಅಡಿಕೆ ಹಾಕಿಕೊಳ್ಳುವ ಹೊತ್ತು, ಅವಳು ಉಣ್ಣುವ ಹೊತ್ತು.

"ಎಷ್ಟ ರೊಟ್ಟಿ ತಿಂತಿ ಹೇಳ ಮೇಡಮ್ಮಾರಿಗೆ" ಎಂದ.

"ಒಂದ" ಎಂದಳು ಸಂಗವ್ವ.

"ದಿನಕ್ಕಾ?" ಡಾಕ್ಟರು ಕೇಳಿದರು.

"ಹೂಂನ್ರಿ. ಇವರದೂ ಒಂದನ."

ಹೊರಗೆ ಬೆಂಚಿನ ಮೇಲೆ ಕರೀಮಾಬಿ ಕೂತಿದ್ದಳು. ಮಹಾಂತಯ್ಯ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತ. ಅವಳು ಅವನ ಕಡೆ ನೋಡದೆ ಮಾತಾಡಿದಳು.

"ಎರಡ ಸಲ ಜಂಪರ ಒಳಗ ಹಿಡದ ಹೊಲದೇನಿ. ಮೂರನೇ ಸಲ ತಂದ್ಲು. ಸಂಗಕ್ಕಾ, ಇನ್ನ ಹೊಲ್ಯಾಕ ಅರಬಿ ಉಳದಿಲ್ಲ, ದವಾಖಾನಿಗೆ ಹೋಗು ಅಂದೆ. ಸ್ವಲ್ಪ ತಾಳು ಕರೀಮಾ, ಇವರ ಪಥ್ಯಾ ಮುಗೀಲಿ ಅಂದ್ಲು."

"ಮುಗಿಯೂ ಪಥ್ಯಾ ಅಲ್ಲ ಇದು."

"ಅಕಿಗೇನ ಗೊತ್ತ? ನೀವ ಹೇಳಿದ್ರೇನ? ಶ್ರಾವಣದಾಗ ಮಠದಾಗ ತಪಾಸಣಿ ಇಟ್ಟಿದ್ರಲಾ, ಇಬ್ಬರೂ ಹೋಗಿದ್ವಿ. ಐವತ್ತೊಂದ ಬಂದಿತ್ತ ಅಕಿದು. ನಂದ ಅರವತ್ತೆಂಟ. ನನ್ನ ಅಣಕಸಿ ಅಣಕಸಿ ಬಂದಿದ್ಲು ದಾರಿತುಂಬ." ಕರೀಮಾಬಿ ಓಢಣಿಯಿಂದ ಮೂಗು ಒರೆಸಿಕೊಂಡಳು. "ನಿಮಗ ಯುಗಾದಿಗೆ ಕೇಳಿದ್ನೆಲ್ಲರಿ ಅಯ್ಯಾರ. ಜೋಡೆತ್ತ ಅಂದ್ರಿ."

ಸಂಜೆ ಸೌಮ್ಯಾ ಧಾರವಾಡದಿಂದ ಬಂದಳು. ತಾಯಿಯ ಹತ್ತಿರ ಅವಳನ್ನು ಕೂರಿಸಿ ಮಹಾಂತಯ್ಯ ಒಣ ಸೀರೆ ತರಲು ಮನೆಗೆ ಹೋದ. ಮೆಟ್ಟಿಲ ಬಳಿ ಕೊಡ ಹಾಗೇ ಬಿದ್ದಿತ್ತು. ಪನೀರನ್ನು ಬೆಕ್ಕೋ ನಾಯಿಯೋ ಎಳೆದುಕೊಂಡು ಹೋಗಿತ್ತು.

ಅಡಿಗೆಮನೆಯ ಮೂಲೆಯಲ್ಲಿ ಜೋಳದ ಚೀಲ ಗೋಡೆಗೊರಗಿ ನಿಂತಿತ್ತು. ಅವನು ಬಗ್ಗಿ ಮೂಲೆ ಹಿಡಿದು ಎತ್ತಿದ. ಹನ್ನೆರಡೂವರೆ. ಅಲ್ಲೇ ನೆಲದ ಮೇಲೆ ಕೂತು, ಊರಿಗೆಲ್ಲ ಹೇಳಿಕೊಂಡು ತಿರುಗಿದ ಮಾತನ್ನು ಲೆಕ್ಕ ಮಾಡಿದ. ದಿನಕ್ಕೆ ಹನ್ನೆರಡು ರೊಟ್ಟಿ ಆಗುತ್ತಿದ್ದಾಗ ಇಪ್ಪತ್ತೈದು ಕಿಲೋದ ಚೀಲ ತಿಂಗಳಿಗೆ ಮುಗಿಯುತ್ತಿತ್ತು. ಅವನೊಬ್ಬನೇ ಬಿಟ್ಟಿದ್ದರೆ ಅವನದು ಒಂದು, ಅವಳವು ಆರು, ದಿನಕ್ಕೆ ಏಳು. ಶಿವರಾತ್ರಿಯ ಚೀಲ ಎರಡು ತಿಂಗಳಿಗೆ ಮುಗಿದು ಇನ್ನೊಂದು ಬರಬೇಕಿತ್ತು. ಮೂರು ತಿಂಗಳಾಗಿಯೂ ಅರ್ಧ ಉಳಿದಿದೆ ಅಂದರೆ ದಿನಕ್ಕೆ ಎರಡು. ಹಫೀಜನ ಎಳೆಯ ಮಗನೂ ಮಾಡಬಹುದಾದ ಲೆಕ್ಕ. ಮಾರುಕಟ್ಟೆಯಲ್ಲಿ ಒಂದು ಚೀಲ ಅರ್ಧ ಕಿಲೋ ಕಡಿಮೆ ಬಂದರೆ ಅವನು ಮೂರು ಸಲ ತೂಗಿಸುತ್ತಿದ್ದ.

ಅವಳು ಹೇಳಲಿಲ್ಲವೇ? ಹೇಳಿದ್ದಳು. ಮಾರ್ಚಿನಲ್ಲಿ ಒಮ್ಮೆ, "ಎದ್ದಾಗ ಕಣ್ಣಿಗೆ ಕತ್ತಲಿ ಬಂದಂಗ ಆಗತೈತ್ರಿ" ಎಂದಿದ್ದಳು. "ಬಿಸಲ ಭಾಳ ಐತಿ, ಮಜ್ಜಿಗಿ ಕುಡಿ" ಎಂದು ಅವನು ಚಪ್ಪಲಿ ಮೆಟ್ಟಿದ್ದ.

ನಾಲ್ಕು ದಿನಕ್ಕೆ ಅವಳನ್ನು ಮನೆಗೆ ಕಳಿಸಿದರು. ಬಲಗೈಗೆ ಮೊಳಕೈ ತನಕ ಪ್ಲಾಸ್ಟರು. ಬಿಚ್ಚಲು ಆರು ವಾರ ಬೇಕು. ಬಿಚ್ಚಿದ ಮೇಲೆ ರೊಟ್ಟಿ ಬಡಿಯಬಹುದೇ ಎಂದು ಸಂಗವ್ವ ಕೇಳಿದ್ದಕ್ಕೆ ಎಲುಬಿನ ಡಾಕ್ಟರು, "ಕೈ ಬರ್ತೈತ್ರಿ, ಮೊದಲಿನ ಜೋರು ಬರೂದು ಕಠಿಣ" ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಮಹಾಂತಯ್ಯ ರಿಕ್ಷಾದಲ್ಲಿ ಬರುವಾಗ ಆ ಮಾತನ್ನೇ ಮೂರು ಸಲ ಸೌಮ್ಯಾಳಿಗೆ ಹೇಳಿದ.

ಮರುದಿನ ಮಧ್ಯಾಹ್ನ ಸೌಮ್ಯಾ ರೊಟ್ಟಿ ಮಾಡಿದಳು. ಹಿಟ್ಟು ಬಿರುಕು ಬಿಡುತ್ತಿತ್ತು, ಅಂಚು ಹರಿಯುತ್ತಿತ್ತು. ಸಂಗವ್ವ ಕುರ್ಚಿಯ ಮೇಲೆ ಕೂತು, "ಬಿಸಿನೀರ ಕಮ್ಮಿ ಹಾಕೀಯವ್ವಾ. ಕರ್ನಾಟಕದ ನಕ್ಷೆ ಬಡದೀ ಏನ ಅದು?" ಎಂದಳು. ಸೌಮ್ಯಾ, "ನಕ್ಷೆ ಬಿಡಿಸಿದ್ರ ಪರೀಕ್ಷಾದಾಗ ಮಾರ್ಕ್ಸ ಕೊಡ್ತಾರ, ಸುಮ್ನಿರ ಅವ್ವಾ" ಎಂದಳು. ಐದು ದಿನದಲ್ಲಿ ಮನೆಯಲ್ಲಿ ಮೊದಲ ಸಲ ನಗು ಬಂತು. ಹೇಗೋ ಆರು ರೊಟ್ಟಿಯಾದವು.

ಮಹಾಂತಯ್ಯ ಎರಡು ತಾಟು ಹಾಕಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಬೇರೆ ತಾಟು. ಮೂರು ರೊಟ್ಟಿ, ಬೆಣ್ಣೆ, ಹೆಸರುಕಾಳು, ಪನೀರು ಬಡಿಸಿ ಅವಳ ಮುಂದಿಟ್ಟ.

"ಉಣ್ಣು."

"ನೀವ ಮೊದಲ ಉಣ್ರಿ."

"ನಾ ಆಮ್ಯಾಲೆ ಉಣತೇನಿ. ನೀ ಉಣ್ಣು ಅಂದೆ."

ಅವಳು ಎಡಗೈಯಿಂದ ಒಂದು ತುಂಡು ಮುರಿದಳು. ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು.

"ಇಳಿಯೂದಿಲ್ಲರಿ" ಎಂದಳು.

"ಯಾಕ ಇಳಿಯೂದಿಲ್ಲ? ಇಷ್ಟ ದಿನ ಹಸಿವಿ ಆಗಲಿಲ್ಲೇನ ನಿನಗ?"

"ಆಗತಿತ್ತ್ರಿ. ಭಾಳ ಆಗತಿತ್ತು."

"ಮತ್ತ? ನಾ ಮನ್ಯಾಗ ಇಲ್ಲದಾಗ ನಿನ್ನ ಕೈ ಯಾರ ಹಿಡದಿದ್ರ?"

ಸೌಮ್ಯಾ ಹಂಚು ಇಳಿಸಿ ತಿರುಗಿ ನೋಡಿದಳು. ಸಂಗವ್ವ ತಾಟಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು.

"ಸಂಕ್ರಾಂತಿ ಮರುದಿನ ತಿಂದಿದ್ನೆಲ್ಲರಿ. ನೀವ ಅಂದ್ರಿ."

"ನಾ ಏನ ಅಂದೆ?"

"ಬಿಡ್ರಿ. ಹಳೇದ."

ಅವನಿಗೆ ನೆನಪಾಗಲು ಒಂದು ಗಳಿಗೆ ಬೇಕಾಯಿತು. ಸಂಕ್ರಾಂತಿಯ ಮರುದಿನ ಅಮಾವಾಸ್ಯೆಯೋ ಏನೋ, ಮಾರುಕಟ್ಟೆ ಅರ್ಧ ದಿನಕ್ಕೆ ಮುಚ್ಚಿತ್ತು. ತಲೆ ಸಿಡಿಯುತ್ತಿತ್ತು. ದಿನಕ್ಕೆ ಎರಡು ರೊಟ್ಟಿಯ ವಾರ. ಹೇಳದೆ ಕೇಳದೆ ಮನೆಗೆ ಬಂದಾಗ ಸಂಗವ್ವ ಅಡಿಗೆಮನೆಯ ಕಟ್ಟೆಯ ಬಳಿ ನಿಂತು, ಹಬ್ಬದ ಉಳಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಬೆಣ್ಣೆ ಸವರಿ ತಿನ್ನುತ್ತಿದ್ದಳು. ಎರಡು ಆಗಲೇ ತಿಂದಿದ್ದಳೇನೋ, ಕೈಯಲ್ಲಿ ಮೂರನೆಯದಿತ್ತು. ಎಳ್ಳಿನ ವಾಸನೆ ಅವನ ಹೊಟ್ಟೆಗೆ ಹೋಗಿ ಬಡಿಯಿತು. "ಗಂಡ ಉಪಾಸ ಸಾಯಾಕತ್ತಾನ, ನೀ ನಿಂತ ಕದ್ದ ತಿನ್ನಾಕತ್ತೀಯಲ್ಲ, ನಾಚಿಕಿ ಬರೂದಿಲ್ಲ?" ಎಂದಿದ್ದ. ಅರ್ಧ ತಮಾಷೆ ಎಂದು ಅಂದುಕೊಂಡಿದ್ದ. ಮುಖ ತೊಳೆದು ಮಲಗಿ, ಎದ್ದಾಗ ಮರೆತಿದ್ದ. ಕಟ್ಟೆಯ ಮೇಲೆ ಅರ್ಧ ಕಚ್ಚಿದ ರೊಟ್ಟಿ ಸಂಜೆಯತನಕ ಹಾಗೇ ಇತ್ತು. ರಾತ್ರಿ ಅದನ್ನು ಅವಳು ಬೀದಿಯ ಆಕಳಿಗೆ ಹಾಕಿದ್ದನ್ನೂ ಅವನು ನೋಡಿದ್ದ.

"ಸಿಟ್ಟಿನಾಗ ಅಂದದ್ದ ಅದು" ಎಂದ.

"ಹೌದ್ರಿ. ನಾನೂ ಹಂಗ ತಿಳಕೊಂಡೆ."

"ಮತ್ತ?"

"ಕೈಯಾಗ ರೊಟ್ಟಿ ಹಿಡದಾಗೊಮ್ಮೆ ಕಿವ್ಯಾಗ ಬರತಿತ್ತ್ರಿ."

ಮಹಾಂತಯ್ಯ ತನ್ನ ತಾಟು ಎಳೆದುಕೊಂಡ. ಒಂದು ರೊಟ್ಟಿ ಹಾಕಿಕೊಂಡು ಮುರಿದು ತಿಂದ. ಸಂಗವ್ವ ಅವನ ಕೈ ನೋಡಿ, ತನ್ನ ರೊಟ್ಟಿಯಿಂದ ಒಂದು ತುತ್ತು ಮಾಡಿ ಬಾಯಿಗಿಟ್ಟಳು. ಇಳಿಯಿತು. ಅವನ ಒಂದು ಮುಗಿದಾಗ ಅವಳದೂ ಒಂದು ಮುಗಿಯಿತು. ಅವಳ ಎಡಗೈ ತಾಟಿನ ಅಂಚಿಗೆ ಹೋಗಿ ನಿಂತಿತು. ತಾಟಿನಲ್ಲಿ ಇನ್ನೂ ಎರಡು ಇದ್ದವು.

"ಇನ್ನೊಂದ ತಿನ್ನು."

"ಸಾಕ್ರಿ. ನಿಮ್ಮದ ಆತಲ್ಲ."

ಫ್ರಿಜ್ಜಿನ ಬಾಗಿಲ ಮೇಲೆ ಸೌಮ್ಯಾಳ ಹಾಳೆ ಇತ್ತು. ರೊಟ್ಟಿಯ ಸಾಲಿನಲ್ಲಿ ಮೇಲಿನಿಂದ ಆರು, ಐದು, ನಾಲ್ಕು, ಮೂರು, ಎರಡು, ಒಂದು, ಆಮೇಲೆ ಕೆಳಗಿನ ತನಕ ಒಂದು, ಒಂದು, ಒಂದು. ಮಹಾಂತಯ್ಯ ಎರಡನೆಯ ರೊಟ್ಟಿಗೆ ಕೈ ಹಾಕಿದ. "ಅಪ್ಪಾ, ನಿನ್ನ ಶುಗರು" ಎಂದು ಬಾಯಿ ತೆರೆದ ಸೌಮ್ಯಾ ಅಷ್ಟಕ್ಕೇ ನಿಲ್ಲಿಸಿದಳು. ಅವನು ಮುರಿದ. ಸಂಗವ್ವನೂ ಮುರಿದಳು. ಮೂರನೆಯದು ಅವನಿಂದ ಆಗಲಿಲ್ಲ. ಆರು ತಿಂಗಳಲ್ಲಿ ಹೊಟ್ಟೆ ಚಿಕ್ಕದಾಗಿತ್ತು. ನೀರು ಕುಡಿದ. ಅವಳ ತಾಟಿನಲ್ಲೂ ಮೂರನೆಯದು ಹಾಗೇ ಉಳಿಯಿತು. ಸೌಮ್ಯಾ ಬಂದು ಎರಡೂ ತಾಟು ತೆಗೆದಳು.

ಸಂಗವ್ವ ಮಲಗಿದ ಮೇಲೆ ಅವನು ಹಾಳೆಯನ್ನು ಬಾಗಿಲಿಂದ ಬಿಡಿಸಿ, ನೆಲದ ಮೇಲೆ ಹಾಸಿಕೊಂಡ. ಮಗಳ ಪೆನ್ನು ಕೇಳಿ ತೆಗೆದುಕೊಂಡ. ಮೇಲೆ 'ಅಪ್ಪ' ಎಂದಿದ್ದ ಕಡೆ, ಪಕ್ಕದಲ್ಲಿ ಉಳಿದ ಇಷ್ಟೇ ಜಾಗದಲ್ಲಿ 'ಅವ್ವ' ಎಂದು ಬರೆದ. ಕೆಳಗೆ ಗೆರೆ ಎಳೆದು, ಅಂಗಡಿಯಲ್ಲಿ ದಿನದ ಕೊನೆಗೆ ಚೀಲಗಳ ಒಟ್ಟು ತೂಕ ಬರೆಯುವಂತೆ ಬರೆದ.

ಎಂಬತ್ತಾರು, ಎಪ್ಪತ್ತೈದು. ಕಮ್ಮಿ ಆದದ್ದು ಹನ್ನೊಂದು ಕಿಲೋ.

ಐವತ್ತೊಂದು, ಮೂವತ್ತೊಂಬತ್ತು. ಕಮ್ಮಿ ಆದದ್ದು ಹನ್ನೆರಡು ಕಿಲೋ.